ಬಲಗಂಕುಳಲ್ಲೊಂದು ಹೆಚ್ಚಿನ ಎಳೆ

ನನಗೆ ಬಂದ ಕಾಯಿಲೆಗೆ ಊರಿನಲ್ಲಿ ಹೆಸರಿರಲಿಲ್ಲ. ಕೆಮ್ಮಿದರೆ ನಾಲ್ಕು ಮನೆಗೆ ಕೇಳಿಸುತ್ತದೆ, ಜ್ವರ ಬಂದರೆ ಹಣೆ ಮುಟ್ಟಿ ನೋಡಬಹುದು. ನನ್ನದು ಹಾಗಲ್ಲ. ಕೈ ಇಳಿಬಿಟ್ಟುಕೊಂಡು ಕೂತಾಗ ನಾನು ಎಲ್ಲರಂತೆಯೇ ಇರುತ್ತಿದ್ದೆ. ಬಲಗೈ ಎತ್ತಿದರೆ ಮಾತ್ರ ರೋಗಿ. ಇಂಥದ್ದನ್ನು ಹೇಳಿ ನಂಬಿಸುವುದರಲ್ಲೇ ಅರ್ಧ ಜೀವ ಸವೆದುಹೋಯಿತು. ಈಗ ತಕ್ಕಮಟ್ಟಿಗೆ ವಾಸಿಯಾಗಿದೆ. ಹೀಗೆ ನಂಬಿಸಲಾರದೆ ಸೋತು ಕೂತವರು ಬೇರೆ ಯಾರಾದರೂ ಇದ್ದರೆ, ಅವರು ಓದಲಿ ಎಂದು ಬರೆಯುತ್ತಿದ್ದೇನೆ.

ಸ್ವಾತಂತ್ರ್ಯ ಬಂದು ಕೆಲವು ವರ್ಷವಾಗಿತ್ತು. ನಮ್ಮದು ಅಗ್ರಹಾರದ ಒಂದು ಸಂದಿಯಲ್ಲಿ ಬಾಡಿಗೆ ಮನೆ. ನಮ್ಮವರು ಚಿಕ್ಕೇಗೌಡರು, ವರ್ಕ್‌ಶಾಪಿನಲ್ಲಿ ಫಿಟ್ಟರ್. ಮನೆಯಲ್ಲಿ ಅತ್ತೆ ನಿಂಗಮ್ಮ, ನಾನು, ಮಗಳು ಸರೋಜ. ನಾನು ಹತ್ತಿರದ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಒಕ್ಕಲು ಮನೆಯಿಂದ ಬಂದು, ಹಾಸ್ಟೆಲಿನಲ್ಲಿದ್ದು ಓದಿ ಮೇಡಮ್ಮಾದವಳು ಎಂಬ ಹೆಮ್ಮೆ ನನಗೂ ಇತ್ತು, ನಮ್ಮ ಊರಿಗೂ ಇತ್ತು. ಆದರೆ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ.

ಮೊದಲು ಗೊತ್ತಾದದ್ದು ಬೋರ್ಡಿನ ಮುಂದೆ. ಮೇಲಿನ ಸಾಲಿನಿಂದ ಲೆಕ್ಕ ಬರೆಯತೊಡಗಿದರೆ ಸ್ವಲ್ಪ ಹೊತ್ತಿಗೇ ಕೈ ಭಾರವಾಗುತ್ತಿತ್ತು. ಆಮೇಲೆ ಬೆರಳುಗಳಿಗೆ ಜೋಮು. ಸೀಮೆಸುಣ್ಣ ಹಿಡಿದಿದ್ದೇನೋ ಬಿಟ್ಟಿದ್ದೇನೋ ತಿಳಿಯುತ್ತಿರಲಿಲ್ಲ. ಅದು ಬಿದ್ದು ಸದ್ದಾದಾಗಲೇ ತಿಳಿಯುತ್ತಿದ್ದುದು. ಕೈ ಇಳಿಸಿ ನೋಡಿದರೆ ಬೆರಳುಗಳೆಲ್ಲ ನೇರಳೆಹಣ್ಣು ತಿಂದ ನಾಲಿಗೆಯ ಬಣ್ಣ. ಬಳೆಗಳು ಮಣಿಕಟ್ಟನ್ನು ಕಚ್ಚಿಕೊಂಡಿರುತ್ತಿದ್ದವು. ಮೇಜಿನ ಮೇಲೆ ಕೈಯಿಟ್ಟು ಕೂತರೆ ನಿಧಾನವಾಗಿ ಎಲ್ಲವೂ ಸರಿಹೋಗುತ್ತಿತ್ತು. ಮನೆಗೆ ಹೋಗಿ ತೋರಿಸೋಣವೆಂದರೆ ತೋರಿಸಲು ಏನೂ ಉಳಿದಿರುತ್ತಿರಲಿಲ್ಲ.

ಮನೆಯಲ್ಲಿ ಮುದ್ದೆಗೆ ಹಿಟ್ಟು ತೊಳೆಸುವ ಹೊತ್ತಿಗೆ ಕೋಲು ಕೈಜಾರುತ್ತಿತ್ತು. ಅಟ್ಟದ ಮೇಲಿನ ಡಬ್ಬಿ ತೆಗೆಯಲಾಗುತ್ತಿರಲಿಲ್ಲ. ಸರೋಜಳ ಜಡೆಯನ್ನು ಅರ್ಧ ಹೆಣೆದು, ಕೈ ಕೆಳಗಿಟ್ಟು ಕೊಡವಿ, ಮತ್ತೆ ಹೆಣೆಯುತ್ತಿದ್ದೆ. ಅತ್ತೆ ಒಲೆಯ ಪಕ್ಕದಿಂದ ನೋಡುತ್ತಿದ್ದರು.

“ಇಸ್ಕೂಲಲ್ಲಿ ದಿನಾ ಪೂರ್ತಿ ಸುಣ್ಣದ ಕಡ್ಡಿ ಹಿಡಿಯಕ್ಕೆ ಕೈ ಅದೆ, ಇಲ್ಲಿ ಹಿಟ್ಟು ತೊಳ್ಸಕ್ಕೆ ಕೈ ಇಲ್ವಾ? ಎಂಗವ್ವಾ ಇದು?” ಎನ್ನುತ್ತಿದ್ದರು.

“ಅಲ್ಲೂ ಆಗ್ತಿಲ್ಲ ಕಣತ್ತೆ,” ಎಂದರೆ, “ಅಂಗಾರೆ ಅದ್ನ ಬುಟ್ಬುಡು,” ಎಂದು ಮಾತು ಮುಗಿಸುತ್ತಿದ್ದರು.

ಕೆಟ್ಟವರಲ್ಲ. ಜೀವನಪೂರ್ತಿ ಗದ್ದೆಯಲ್ಲಿ ಬಗ್ಗಿ ಎದ್ದ ಹೆಂಗಸು. ನೋವೆಂದರೆ ಕೆಲಸ ಮಾಡುತ್ತಲೇ ಮರೆಯಬೇಕಾದ್ದು ಎಂದು ನಂಬಿದವರು. ನಾನು ಮರೆಯಲಾರದೆ ಇದ್ದದ್ದೇ ಅವರಿಗೆ ಸೋಮಾರಿತನವಾಗಿ ಕಾಣಿಸಿತು.

ನಮ್ಮವರು ಒಬ್ಬ ಡಾಕ್ಟರ ಬಳಿ ಕರೆದುಕೊಂಡು ಹೋದರು. ಅವರು ರೆಪ್ಪೆ ಎಳೆದು ನೋಡಿ, ರಕ್ತ ಕಡಿಮೆ ಎಂದು, ಪಕ್ಕದಲ್ಲಿ ಡೋಸಿನ ಕಾಗದದ ಗುರುತು ಅಂಟಿಸಿದ ಸೀಸೆಯಲ್ಲಿ ಕೆಂಪು ಔಷಧಿ ಕೊಟ್ಟರು. ಕುಡಿದು ಕುಡಿದು ನಾಲಿಗೆ ಕೆಂಪಾಯಿತು. ಇನ್ನೊಬ್ಬರು ನನ್ನ ಕೈಯನ್ನು ಮುಟ್ಟಲೇ ಇಲ್ಲ. ನಮ್ಮವರ ಕಡೆ ತಿರುಗಿ, “ಮನೇಲಿ ಏನಾದ್ರೂ ಬೇಜಾರಿದೆಯೇನ್ರೀ ಇವರಿಗೆ? ಇನ್ನೊಂದು ಮಗು ಆದ್ರೆ ಎಲ್ಲಾ ಸರಿಹೋಗುತ್ತೆ,” ಎಂದರು. ಹೊರಗೆ ಬಂದ ಮೇಲೆ ನಮ್ಮವರು ಸೈಕಲ್ ತಳ್ಳಿಕೊಂಡು ಬಹಳ ದೂರ ನಡೆದರು. ಕೊನೆಗೆ, “ಬೇಜಾರಿದೆಯಾ ಜಯಾ?” ಎಂದು ಕೇಳಿದರು. ಅಳು ಬರಬೇಕಿತ್ತು. ಆಕಳಿಕೆ ಬಂತು. ಅಷ್ಟು ಆಯಾಸವಾಗಿತ್ತು.

ಅತ್ತೆಗೆ ಗೊತ್ತಿದ್ದ ಒಬ್ಬರು ಉಳುಕು ತೆಗೆಯುತ್ತಿದ್ದರು. ಅವರು ಎಣ್ಣೆ ಹಚ್ಚಿ, ಭುಜದಿಂದ ಕಂಕುಳವರೆಗೆ ಹೆಬ್ಬೆರಳು ಊರಿ ನೀವಿದರು. ಅದಾದ ಮೇಲೆ ಕೈ ಇಳಿಬಿಟ್ಟರೂ ಊದಿಕೊಂಡಿರತೊಡಗಿತು. ಎಷ್ಟೋ ದಿನ ಊಟ ಎಡಗೈಯಲ್ಲಿ. ಅದನ್ನು ನೋಡಲಾರದೆ ಅತ್ತೆ ಮುಖ ತಿರುಗಿಸಿ ಕೂರುತ್ತಿದ್ದರು. ಪಾಪ ಎಂದಲ್ಲ, ಎಡಗೈ ಊಟ ಎಂದು.

ಶಾಲೆಯಲ್ಲಿ ಬೋರ್ಡಿನ ಕೆಳಗಿನ ಅರ್ಧದಲ್ಲಿ ಮಾತ್ರ ಬರೆಯುವ ಅಭ್ಯಾಸ ಮಾಡಿಕೊಂಡೆ. ಹಿಂದಿನ ಸಾಲಿನ ಹುಡುಗಿಯರು ಎದ್ದುನಿಂತು ಓದಿಕೊಳ್ಳುತ್ತಿದ್ದರು. ಹೆಡ್‌ಮಿಸ್ಟ್ರೆಸ್ ಒಂದು ದಿನ ಬಾಗಿಲಲ್ಲಿ ನಿಂತು ನೋಡಿ, ಗಂಟೆ ಹೊಡೆದ ಮೇಲೆ ಕರೆದರು.

“ಜಯಮ್ಮನವರೇ, ನಿಮ್ಮ ಪಾಠದ ಬಗ್ಗೆ ನಂದೇನೂ ತಕರಾರಿಲ್ಲ. ಆದ್ರೆ ಇನ್‌ಸ್ಪೆಕ್ಟರು ಬಂದಾಗ ಮಕ್ಕಳು ಹೀಗೆ ಎದ್ದುನಿಂತಿದ್ರೆ ನಾನೇನು ಹೇಳ್ಲಿ? ನಿಮ್ಮದಿನ್ನೂ ಖಾಯಂ ಆಗಿಲ್ಲ ನೋಡಿ,” ಎಂದರು.

ಬೆದರಿಕೆಯ ದನಿಯಿರಲಿಲ್ಲ. ಇದ್ದಿದ್ದರೆ ಸಿಟ್ಟಾದರೂ ಬರುತ್ತಿತ್ತು.

ಆ ವರ್ಷದ ದೀಪಾವಳಿಗೆ ಎಣ್ಣೆನೀರು ಹಾಕಿಕೊಳ್ಳುವಾಗ ನನ್ನ ಬೆನ್ನಿಗೆ ಅತ್ತೆಯೇ ಎಣ್ಣೆ ತಿಕ್ಕುತ್ತಿದ್ದರು. ಏನೋ ಗೊಣಗುತ್ತಾ ತಿಕ್ಕುತ್ತಿದ್ದವರ ಕೈ ಬಲಗಂಕುಳ ಹತ್ತಿರ ಬಂದು ನಿಂತುಬಿಟ್ಟಿತು. ಮತ್ತೊಮ್ಮೆ ಬೆರಳಿಂದ ಒತ್ತಿ ನೋಡಿದರು. ಗೊಣಗಾಟ ನಿಂತಿತು.

“ಇದೇನವ್ವಾ ಇಲ್ಲಿ? ದಪ್ಪಗದೆ.”

ಎಡಗೈಯಿಂದ ಮುಟ್ಟಿಕೊಂಡೆ. ಕಂಕುಳ ಮುಂಭಾಗದಲ್ಲಿ, ಎದೆಗೆ ಸೇರುವ ಕಡೆ, ಗಂಟಿನಂತೆ ಏನೋ ಸಿಕ್ಕಿತು. ಬಚ್ಚಲೊಲೆ ಧಗಧಗ ಉರಿಯುತ್ತಿತ್ತು. ಮೈ ಮಾತ್ರ ತಣ್ಣಗಾಯಿತು. ನನ್ನ ಚಿಕ್ಕಮ್ಮ ಹೋದದ್ದು ಎದೆಯ ಗಡ್ಡೆಯಿಂದ. ಅವಳದೂ ಕಂಕುಳಲ್ಲೇ ಮೊದಲು ಕಾಣಿಸಿಕೊಂಡದ್ದು. ಅದು ಅತ್ತೆಗೂ ಗೊತ್ತಿತ್ತು. ಇಬ್ಬರೂ ಅವಳ ಹೆಸರೆತ್ತಲಿಲ್ಲ. ಅತ್ತೆ ನೀರು ಹುಯ್ದರು, ಸೀಗೆಪುಡಿ ಹಾಕಿ ತಲೆ ತಿಕ್ಕಿದರು, ಮದುಮಗಳಿಗೆ ಮಾಡುವ ಹಾಗೆ ಮೆತ್ತಗೆ.

ಅವತ್ತಿನಿಂದ ಬೈಯುವುದನ್ನು ಬಿಟ್ಟರು. ನನಗೆ ನಿಜವಾಗಿ ಭಯವಾದದ್ದು ಆಗಲೇ.

ಒಂಟಿಕೊಪ್ಪಲಿನಲ್ಲಿ ಒಬ್ಬ ಲೇಡಿ ಡಾಕ್ಟರಿದ್ದರು. ಜಟಕಾ ಮಾಡಿಕೊಂಡು ಹೋದೆವು. ಹೆಂಗಸರ ಮುಂದೆ ರವಿಕೆ ಬಿಚ್ಚುವುದಕ್ಕೂ ನನಗೆ ನಾಚಿಕೆ. ಆಕೆ ಕೈ ಬೆಚ್ಚಗೆ ಮಾಡಿಕೊಂಡು ಮುಟ್ಟಿ ನೋಡಿದರು. ಎದೆಯನ್ನೂ ನೋಡಿದರು. ಆಮೇಲೆ ನನ್ನ ರವಿಕೆಯ ಗುಂಡಿಯನ್ನು ಅವರೇ ಹಾಕುತ್ತಾ, “ದೊಡ್ಡಾಸ್ಪತ್ರೇಲಿ ತೋರಿಸಿಬಿಡೋಣಮ್ಮ. ತಡ ಮಾಡೋದು ಬೇಡ,” ಎಂದರು. ಗುಂಡಿ ಹಾಕಿಕೊಟ್ಟ ಆ ಕೈಯನ್ನು ನಾನು ಮರೆತಿಲ್ಲ. ‘ತಡ ಬೇಡ’ ಎಂಬ ಮಾತನ್ನೂ ಮರೆತಿಲ್ಲ.

ಆಸ್ಪತ್ರೆಯೆಂದರೆ ಕಾಯುವುದು. ಹೊರರೋಗಿಗಳ ಹಜಾರದಲ್ಲಿ ಗೋಡೆಗೆ ಒರಗಿಸಿದ ಬೆಂಚು, ಜನ ಒರಗಿ ಒರಗಿ ಎಣ್ಣೆಗಟ್ಟಿದ ಗೋಡೆ. ಫಿನಾಯಿಲ್ ವಾಸನೆ. ಬೆಳಿಗ್ಗೆ ಹೋದವರು ಒಂದೊಂದು ದಿನ ಡಾಕ್ಟರ ಮುಖ ನೋಡದೆ ವಾಪಸಾಗುತ್ತಿದ್ದೆವು. ಅತ್ತೆ ಸೆರಗಿನಲ್ಲಿ ಹುರಿಗಡಲೆ ಕಟ್ಟಿಕೊಂಡು ಬರುತ್ತಿದ್ದರು. ಪಕ್ಕದಲ್ಲಿ ಯಾರು ಕೂತರೂ ಅವರಿಗೊಂದು ಹಿಡಿ. ಆ ಹಜಾರದಲ್ಲಿ ನನಗೆ ಒಂದು ವಿಚಿತ್ರ ಸಮಾಧಾನವಿತ್ತು: ಇಲ್ಲಿ ಯಾರೂ ನನ್ನನ್ನು ಸೋಮಾರಿ ಎನ್ನುವುದಿಲ್ಲ. ಸಾಯುವ ಕಾಯಿಲೆಯಾದರೂ ಸರಿ, ಇದಕ್ಕೊಂದು ಹೆಸರು ಸಿಗಲಿ ಎಂದು ಒಂದು ಮಧ್ಯಾಹ್ನ ಅನ್ನಿಸಿತು. ಮನೆಯಲ್ಲಿ ಮಗಳಿದ್ದಾಳೆ ಎಂದು ನೆನಪಾಗಿ ಗಲ್ಲ ಗಲ್ಲ ಬಡಿದುಕೊಂಡೆ.

ಸರ್ಜನ್ ಕಡಿಮೆ ಮಾತಿನ ಮನುಷ್ಯರು. ಗಂಟನ್ನು ತೆಗೆಯಬೇಕು, ತೆಗೆದಾಗ ಕೆಟ್ಟದ್ದೆಂದು ಕಂಡರೆ ಎದೆಯನ್ನೂ ತೆಗೆಯಬೇಕಾಗಬಹುದು ಎಂದರು. ನಮ್ಮವರು ತಲೆಯಾಡಿಸಿದರು. ಹೊರಗೆ ಬಂದು ಮರದ ಕೆಳಗೆ ಸೈಕಲ್ಲಿನ ಚೈನನ್ನು ಸುಮ್ಮನೆ ಬಿಚ್ಚಿ ಮತ್ತೆ ಹಾಕುತ್ತಾ ನಿಂತರು. ಅವರ ಕೈಗೆ ಸಿಗುವ ಸಾಮಾನಾಗಿದ್ದರೆ ನನ್ನನ್ನೂ ರಿಪೇರಿ ಮಾಡಿಬಿಡುತ್ತಿದ್ದರು.

ವಾರ್ಡಿಗೆ ಸೇರಿಸಿಕೊಂಡ ಮೇಲೆ ಒಂದು ಬೆಳಿಗ್ಗೆ ಸರ್ಜನ್ ಬಂದು, ಮೆಡಿಕಲ್ ಕಾಲೇಜಿನ ಹುಡುಗರಿಗೆ ನಿಮ್ಮ ಕೇಸ್ ತೋರಿಸುತ್ತೇನೆ, ಪಾಠ ಹೇಳುವ ಮೇಷ್ಟ್ರೂ ಬರುತ್ತಾರೆ ಎಂದರು. ಹುಡುಗರು ಬಂದು ಮಂಚದ ಸುತ್ತ ನಿಂತರು. ಅತ್ತೆ ನನ್ನ ಮತ್ತು ಅವರ ನಡುವೆ ಬಂದು ನಿಂತುಬಿಟ್ಟರು.

“ಇಷ್ಟು ಜನ ಗಂಡಸ್ರ ಮುಂದೆ ನಮ್ಮ ಸೊಸೆ ರವಿಕೆ ಬಿಚ್ಚಾಕಿಲ್ಲ. ಸತ್ರೆ ಸಾಯ್ಲಿ, ಮನೇಗ್ ಕರ್ಕೊಂಡೋಯ್ತೀನಿ!”

ಹುಡುಗರು ನೆಲ ನೋಡಿದರು. ಅವರ ಹಿಂದಿನಿಂದ ಕರಿ ಕೋಟು ಹಾಕಿದ ವಯಸ್ಸಾದವರೊಬ್ಬರು ಮುಂದೆ ಬಂದರು. ಶರೀರದ ರಚನೆಯನ್ನು ಪಾಠ ಮಾಡುವ ಪ್ರೊಫೆಸರು ಅವರು. ಅತ್ತೆಗೆ ಕೈಮುಗಿದು, “ತಾಯಿ, ಎದೆ ಮುಚ್ಚಿಕೊಂಡೇ ಇರಲಿ. ಕಂಕುಳು ಮಾತ್ರ ಕಂಡ್ರೆ ಸಾಕು. ಹುಡುಗರು ಅಷ್ಟು ದೂರ ನಿಲ್ತಾರೆ. ನೀವು ಇಲ್ಲೇ ಇರಿ,” ಎಂದರು. ಅತ್ತೆ ನನ್ನ ಮೇಲೆ ಸೀರೆಯ ಸೆರಗನ್ನು ಎಳೆದು, ಅದರ ಅಂಚನ್ನು ತಾವೇ ಹಿಡಿದುಕೊಂಡು ಮಂಚದ ತಲೆಯ ಕಡೆ ನಿಂತರು.

ಪ್ರೊಫೆಸರು ಮೊದಲು ಮುಟ್ಟಲಿಲ್ಲ, ಕೇಳಿದರು. “ಏನು ಮಾಡ್ದಾಗ ಹೀಗಾಗುತ್ತಮ್ಮ?”

ಇಷ್ಟು ದಿನ ಎಲ್ಲಿ ನೋವು ಎಂದು ಕೇಳಿದ್ದರು. ಏನು ಮಾಡಿದಾಗ ಎಂದು ಒಬ್ಬರೂ ಕೇಳಿರಲಿಲ್ಲ. ಬೋರ್ಡು, ಜಡೆ, ಅಟ್ಟದ ಡಬ್ಬಿ ಎಲ್ಲವನ್ನೂ ಹೇಳಿದೆ. ಅವರು ನನ್ನ ಕೈಯನ್ನು ಎತ್ತಿ ಹಿಡಿದುಕೊಂಡು ಸುಮ್ಮನೆ ಕಾದರು. ಬೆರಳುಗಳು ನಿಧಾನವಾಗಿ ಬಣ್ಣ ತಿರುಗಿದವು. ಅತ್ತೆಯ ಬಾಯಿಂದ “ಅಯ್ಯೋ ಶಿವನೇ” ಎಂದು ಹೊರಟಿತು. ಅವರು ಅದನ್ನು ಕಣ್ಣಾರೆ ನೋಡಿದ್ದು ಅದೇ ಮೊದಲು.

ಆಮೇಲೆ ಪ್ರೊಫೆಸರು ಒಂದು ಕೈಯನ್ನು ನನ್ನ ಮೊಣಕೈ ಕೆಳಗಿಟ್ಟು, ಇನ್ನೊಂದು ಕೈಯ ಬೆರಳುಗಳನ್ನು ಗಂಟಿನ ಮೇಲಿಟ್ಟು, “ನನ್ನ ಕೈನ ಕೆಳಕ್ಕೆ ಒತ್ತಿ. ಇನ್ನೂ ಜೋರಾಗಿ. ಈಗ ಬಿಡಿ. ಮತ್ತೆ ಒತ್ತಿ,” ಎಂದರು. ಹಾಗೆಯೇ ಮಾಡಿದೆ. ಅವರ ಮುಖ ಬದಲಾಯಿತು.

“ನೀವು ಒತ್ತಿದ್ರೆ ಇದು ಗಟ್ಟಿಯಾಗ್ತಿದೆ, ಬಿಟ್ರೆ ಮೆತ್ತಗಾಗ್ತಿದೆ. ಗಡ್ಡೆ ನಮ್ಮ ಮಾತು ಕೇಳೋದಿಲ್ಲಮ್ಮ. ಇದು ಕೇಳ್ತಿದೆ.”

ಹುಡುಗರಲ್ಲಿ ಒಬ್ಬಿಬ್ಬರು ನಕ್ಕರು. ಸರ್ಜನ್ ನಗಲಿಲ್ಲ. ತಾವೂ ಹಾಗೆಯೇ ಒತ್ತಿಸಿ ನೋಡಿದರು.

ಇದು ಮಾಂಸಖಂಡ ಇರಬಹುದು ಎಂದು ಪ್ರೊಫೆಸರು ಹೇಳಿದರು. ಬೆನ್ನಿನ ಮಾಂಸಖಂಡದಿಂದ ಒಂದು ಎಳೆ ಹೊರಟು, ಕಂಕುಳನ್ನು ಅಡ್ಡ ಹಾಯ್ದು, ಎದೆಯ ಮಾಂಸಖಂಡಕ್ಕೆ ಸೇರಿಕೊಂಡಿರುತ್ತದಂತೆ. ಕೆಲವರಿಗೆ ಹುಟ್ಟಿನಿಂದ ಹಾಗಿರುತ್ತದೆ, ಎಷ್ಟೋ ಜನ ಅದು ಇದೆಯೆಂದೇ ತಿಳಿಯದೆ ಬಾಳಿ ಮುಗಿಸುತ್ತಾರೆ. ನನ್ನದು ದಪ್ಪವಾಗಿ ಬೆಳೆದು, ಕೈ ಎತ್ತಿದಾಗಲೆಲ್ಲ ಕೆಳಗಿನ ರಕ್ತನಾಳವನ್ನು ಒತ್ತುತ್ತಿರಬೇಕು.

ಅತ್ತೆ ಬಿಡಲಿಲ್ಲ. “ಉಟ್ಟಿದಾಗ್ಲಿಂದ ಇದ್ರೆ ಇಷ್ಟು ದಿನ ಯಾಕ್ ಸ್ವಾಮಿ ಸುಮ್ಕಿತ್ತು?”

“ಕೈ ಎತ್ತಿ ಹಿಡ್ಕೊಂಡು ದಿನಾ ಬರೆಯೋ ಕೆಲಸ ಮೊದಲು ಇರ್ಲಿಲ್ವಲ್ಲ ಇವರಿಗೆ. ಅದಕ್ಕೇ ಇರಬಹುದು. ನನಗೂ ಪೂರ್ತಿ ಗೊತ್ತಿಲ್ಲ ತಾಯಿ,” ಎಂದರು ಅವರು.

ಸರ್ಜನ್ ಮಾತ್ರ, “ತೆರೆದು ನೋಡೋವರೆಗೂ ನಾನು ಏನೂ ಹೇಳೋದಿಲ್ಲ,” ಎಂದರು. ಎಲ್ಲರೂ ಹೋದ ಮೇಲೆ ಸಂತೋಷವಾಗುತ್ತದೇನೋ ಎಂದು ಕಾದೆ. ಆಗಲಿಲ್ಲ. ಒಬ್ಬರು ಮಾಂಸ ಎನ್ನುತ್ತಾರೆ, ಒಬ್ಬರು ಗಡ್ಡೆ ಇರಬಹುದು ಎನ್ನುತ್ತಾರೆ. ಯಾವುದನ್ನು ನಂಬುವುದಕ್ಕೂ ಶಕ್ತಿ ಬೇಕಲ್ಲ. ಗೋಡೆ ಕಡೆ ತಿರುಗಿ ಮಲಗಿದೆ.

ಆಪರೇಷನ್ನಿನ ದಿನ ಕೈಬಳೆ ತೆಗೆಯಬೇಕೆಂದರು. ಊದಿದ ಕೈಯಿಂದ ಗಾಜಿನ ಬಳೆ ಹೊರಬರುತ್ತಿರಲಿಲ್ಲ. ಒಡೆದುಬಿಡಿ ಎಂದು ಯಾರೋ ಹೇಳಿದರು. ಮುತ್ತೈದೆಯ ಬಳೆ ಒಡೆಯುವುದೆಂದರೆ! ಅತ್ತೆಯ ಮುಖ ಬಿಳಚಿಕೊಂಡಿತು. ಆಯಾ ಮೇರಿಯಮ್ಮ ಒಂದು ಬೋಗುಣಿಯಲ್ಲಿ ಸೋಪಿನ ನೀರು ತಂದು, ನನ್ನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಒಂದೊಂದಾಗಿ ಜಾರಿಸಿ ತೆಗೆದಳು. ಒಂದೂ ಒಡೆಯಲಿಲ್ಲ. ಅವನ್ನು ಒರೆಸಿ ಅತ್ತೆಯ ಕೈಗಿಟ್ಟು, “ಸಾಯಂಕಾಲ ನೀವೇ ಎಡಗೈಗೆ ಹಾಕಿ ಅಮ್ಮ,” ಎಂದಳು. ಆ ದಿನದ ಎಷ್ಟೋ ವಿಷಯ ಮರೆತಿದೆ. ಸೋಪಿನ ಆ ವಾಸನೆ ಮರೆತಿಲ್ಲ.

ಮತ್ತಿನ ಔಷಧಿಯ ಸಿಹಿ ಕಮಟು ಗಂಟಲಲ್ಲಿ ಉಳಿದಿದ್ದಂತೆಯೇ ಎಚ್ಚರವಾಯಿತು. ಕಣ್ಣು ಬಿಡುವ ಮೊದಲೇ ಎಡಗೈಯನ್ನು ಸರಿಸಿ ಬಲಎದೆಯನ್ನು ಮುಟ್ಟಿ ನೋಡಿಕೊಂಡೆ. ಇತ್ತು. ಅಷ್ಟು ಸಾಕೆಂದು ಮತ್ತೆ ನಿದ್ದೆ ಹೋದೆ. ಇನ್ನೊಮ್ಮೆ ಎದ್ದಾಗ ಅತ್ತೆ ಬಾಯಿಗೆ ಒದ್ದೆ ಹತ್ತಿ ಒತ್ತುತ್ತಿದ್ದರು.

“ಗಡ್ಡೆ ಇರ್ನಿಲ್ಲ ಕಣವ್ವ. ಮಾಂಸವಂತೆ. ಕತ್ತರಿಸಿ ಬುಟ್ರಂತೆ,” ಎಂದರು. ಹತ್ತಿಯನ್ನು ಮತ್ತೆ ನೀರಿಗದ್ದಿ, “ದೇವ್ರು ನಿಂಗೆ ಒಂದೆಳೆ ಜಾಸ್ತಿ ಕೊಟ್ಬುಟ್ಟವ್ನೆ. ನಂಗೆಂಗ್ ಗೊತ್ತಾಗ್ಬೇಕು ಏಳು,” ಎಂದರು. ತಪ್ಪಾಯಿತು ಎಂದು ಅವರು ಯಾವತ್ತೂ ಹೇಳಲಿಲ್ಲ. ಆದರೆ ಅಂದಿನಿಂದ ಹಿಟ್ಟು ತೊಳೆಸುವ ಕೋಲನ್ನು ನನ್ನ ಕೈಗೆ ಕೊಟ್ಟಿಲ್ಲ. ಕೈ ಸರಿಹೋದ ಮೇಲೂ ಕೊಟ್ಟಿಲ್ಲ.

ಮನೆಗೆ ಬಂದು ನೋಡಿದರೆ ನಮ್ಮವರು ಇಡೀ ಮನೆಯನ್ನೇ ಕೆಳಗಿಳಿಸಿದ್ದರು. ಅಡುಗೆಮನೆಯ ಹಲಗೆಗಳನ್ನು ಕಿತ್ತು ನನ್ನ ಭುಜದ ಎತ್ತರಕ್ಕೆ ಹೊಡೆದಿದ್ದರು. ಬಟ್ಟೆ ಒಣಹಾಕುವ ತಂತಿ, ದೇವರ ಪಟ, ಕನ್ನಡಿ, ಲಾಟೀನು ತೂಗುಹಾಕುವ ಕೊಕ್ಕೆ ಎಲ್ಲಾ ಕೆಳಗೆ. ನನಗಿಂತ ಎತ್ತರದ ಅತ್ತೆ ದಿನಕ್ಕೊಂದು ಸಲ ಹಲಗೆಗೆ ಹಣೆ ಬಡಿದುಕೊಂಡು ಮಗನನ್ನು ಬೈಯುತ್ತಿದ್ದರು. “ಇರ್ಲಿ ಬುಡವ್ವ,” ಎನ್ನುತ್ತಿದ್ದರು ಅವರು. ಆಸ್ಪತ್ರೆಯ ದಿನಗಳಲ್ಲಿ ಒಂದು ಸಮಾಧಾನದ ಮಾತೂ ಆಡದ ಮನುಷ್ಯ. ಆ ಹಲಗೆಗಳನ್ನು ನೋಡಿ ನನಗೆ ಅಳು ಬಂತು.

ಕೈ ಒಮ್ಮೆಗೇ ಸರಿಹೋಗಲಿಲ್ಲ. ಹೊಲಿಗೆ ಬಿಚ್ಚಿದ ಮೇಲೆ ಗೋಡೆಯ ಮೇಲೆ ಬೆರಳುಗಳನ್ನು ನಡೆಸುತ್ತಾ ದಿನದಿನಕ್ಕೆ ಸ್ವಲ್ಪ ಮೇಲೆ ಏರಿಸಬೇಕೆಂದಿದ್ದರು. ಏರಿಸಿದೆ. ಬೆರಳು ಬಣ್ಣ ತಿರುಗುವುದು ನಿಂತಿತು. ಗಾಯದ ಸುತ್ತ ಚರ್ಮ ಮಾತ್ರ ಇವತ್ತಿಗೂ ಮರಗಟ್ಟಿದೆ, ಚಳಿಗಾಲದಲ್ಲಿ ಎಳೆಯುತ್ತದೆ. ಸರೋಜಳನ್ನು ಕೂರಿಸಿ ಅವಳ ಕಂಕುಳನ್ನು ಎಷ್ಟು ಸಲ ಮುಟ್ಟಿ ನೋಡಿದೆನೋ. ಅವಳು ಕಚಗುಳಿಯಾಗಿ ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ. ಅವಳಿಗೇನೂ ಸಿಗಲಿಲ್ಲ.

ಶಾಲೆಗೆ ವಾಪಸಾದ ದಿನ ಸ್ಟಾಫ್ ರೂಮಿನಲ್ಲಿ ಒಬ್ಬರು, “ಏನೂ ಇರ್ಲಿಲ್ವಂತಲ್ಲ ಜಯಮ್ಮನವರೇ, ಬರೀ ಮಾಂಸವಂತೆ? ಸುಮ್ನೆ ಎಲ್ಲರನ್ನೂ ಹೆದರಿಸಿಬಿಟ್ರಿ,” ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಏನೂ ಇರಲಿಲ್ಲ! ಜಗಳವಾಡುವ ತ್ರಾಣವಿರಲಿಲ್ಲ. ನಕ್ಕು, ಡಬ್ಬಿಯಿಂದ ಸೀಮೆಸುಣ್ಣ ತೆಗೆದುಕೊಂಡು ತರಗತಿಗೆ ಹೋದೆ. ಮುಂದಿನ ವರ್ಷ ಕೆಲಸ ಖಾಯಂ ಆಯಿತು. ಆದರೆ ಆ ಕಾಲದ ದಣಿವು ಮೈಯಿಂದ ಪೂರ್ತಿ ಇಳಿದದ್ದೇ ಇಲ್ಲ. ನಿದ್ದೆ ಮಾಡಿದರೂ ಹೋಗದ ದಣಿವು ಅದು.

ಈಗ್ಗೆ ಕೆಲವು ವರ್ಷದ ಹಿಂದೆ, ಪರೀಕ್ಷೆಯ ಪೇಪರುಗಳನ್ನು ಮುಂದೆ ಹರಡಿಕೊಂಡು ಕೂತಿದ್ದ ಒಂದು ಸಾಯಂಕಾಲ, ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಹಣೆಯಲ್ಲಿ ವಿಭೂತಿ, ಒಳ್ಳೆಯ ಸೀರೆ. ಗಿರಿಜ ಎಂದು ಹೆಸರು, ಜವಳಿ ಅಂಗಡಿಯವರ ಮನೆಯ ಸೊಸೆ. ಒಂಟಿಕೊಪ್ಪಲಿನ ಆ ಡಾಕ್ಟರೇ ಕಳಿಸಿದ್ದರು. ಕಂಕುಳಲ್ಲಿ ಗಂಟು, ದೊಡ್ಡಾಸ್ಪತ್ರೆಯಲ್ಲಿ ತೋರಿಸಲು ಹೇಳಿದ್ದಾರೆ ಎಂದಳು. ಕೂತುಕೊಂಡು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು.

“ನಿಮಗೆ ಅದು ಬರೀ ಮಾಂಸ ಅಂತ ಆಯ್ತಂತಲ್ಲ ಅಕ್ಕಾ. ನಂದೂ ಹಂಗೇ ಇರ್ಬಹುದಲ್ವಾ?”

ಹೌದೆಂದು ಹೇಳುವುದು ಸುಲಭವಿತ್ತು. “ಗೊತ್ತಿಲ್ಲ ಕಣಮ್ಮ,” ಎಂದೆ. ಅಡುಗೆಮನೆಗೆ ಕರೆದುಕೊಂಡು ಹೋಗಿ, ರವಿಕೆ ಸರಿಸಿ ಗಾಯದ ಗುರುತನ್ನು ತೋರಿಸಿದೆ. ಅವಳು ಒಂದು ಬೆರಳಿಂದ ಅದನ್ನು ಉದ್ದಕ್ಕೂ ಸವರಿದಳು.

“ತುಂಬಾ ನೋವಾಯ್ತಾ?”

“ಆಯ್ತು.”

“ನಮ್ಮ ಮನೇಲಿ ಇನ್ನೂ ಯಾರಿಗೂ ಹೇಳಿಲ್ಲ ಅಕ್ಕಾ. ಹೇಳಿದ್ರೆ ನಂಬೋದಿಲ್ಲ.”

“ಯಾವತ್ತು ಬರೋಕೆ ಹೇಳಿದಾರೆ?”

“ಸೋಮವಾರ.”

ಪೇಪರುಗಳು ಬಾಕಿಯಿದ್ದವು, ಸೋಮವಾರ ಮೊದಲ ಪಿರಿಯಡ್ಡೇ ನನ್ನದು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹಿತ್ತಿಲ ಬಾಗಿಲಿಂದ, “ಒತ್ತಾರೇಲೇ ಒಂಟ್ಬುಡಾನ, ಇಲ್ದಿದ್ರೆ ಕೂರಕ್ಕೆ ಜಾಗ ಸಿಕ್ಕಾಕಿಲ್ಲ,” ಎಂದರು.

ಮೂವರೂ ಹೋದೆವು. ಗಿರಿಜಳದ್ದು ನನ್ನಂಥದ್ದಾಗಿರಲಿಲ್ಲ, ಗಡ್ಡೆಯೇ. ಆಮೇಲೆ ಬಹಳ ಸೋಮವಾರ ಹೋಗಬೇಕಾಯಿತು. ಹೋದೆವು.